ಕರೆಂಟ್ ಬಂತು, ಪ್ರಿಂಟರ್ ಹೋಯ್ತು

"ಸಾರ್, ಪ್ರಿಂಟರ್ ಮತ್ತೆ ಹೋಯ್ತು."

ಬೆಂಗಳೂರಿನ ಶ್ರೀನಗರ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಕ್ರಾಸಿನಲ್ಲಿ ನಾವು ಬಾಡಿಗೆಗಿರುವ ಕಟ್ಟಡದ ಕೆಳಗೆ ಜೆರಾಕ್ಸ್ ಅಂಗಡಿ ಇದೆ. ಓನರ್ ಮನೆಯ ಸೊಸೆಯೇ ನಡೆಸುವುದು. ಆಧಾರ್, ಪಹಣಿ, ಹಾಲ್ ಟಿಕೆಟ್, ಬಾಡಿಗೆ ಕರಾರು ಎಂದು ಸಂಜೆ ಐದರ ಮೇಲೆ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಅಲ್ಲಿಂದ ಮೊದಲ ಮಹಡಿಗೆ ಕೂಗು ಬರುತ್ತಿತ್ತು. ಇಳಿದು ಹೋಗಿ ನೋಡಿದರೆ ಪ್ರಿಂಟರಿನ ಹಸಿರು ದೀಪ ಉರಿಯುತ್ತಿದೆ, ಕಾಗದವಿದೆ, ಟೋನರ್ ಇದೆ, ವೈಫೈ ಚಿಹ್ನೆಯೂ ಇದೆ. ಕಂಪ್ಯೂಟರ್ ಮಾತ್ರ 'ಆಫ್‌ಲೈನ್' ಅನ್ನುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಒಮ್ಮೊಮ್ಮೆ ಸರಿಹೋಗುತ್ತದೆ, ಒಮ್ಮೊಮ್ಮೆ ಇಲ್ಲ. ಪ್ರಿಂಟರಿಗೆ ದೃಷ್ಟಿ ತೆಗೆಯುವುದೊಂದು ಬಾಕಿ ಇತ್ತು.

ಪ್ರಿಂಟರಿನದು ಏನೂ ತಪ್ಪಿರಲಿಲ್ಲ. ಅದರ ಮನೆ ನಂಬರು ಬದಲಾಗುತ್ತಿತ್ತು, ಅಷ್ಟೆ. ಪ್ರಿಂಟರ್ ಮೊದಲು ಇದ್ದದ್ದು 192.168.1.7ರಲ್ಲಿ. ಅಂಗಡಿಯ ಕಂಪ್ಯೂಟರ್ ಆ ನಂಬರನ್ನೇ ಬರೆದಿಟ್ಟುಕೊಂಡಿತ್ತು. ಕರೆಂಟ್ ಹೋಗಿ ಬಂದಾಗ ರೂಟರ್ ಹೊಸದಾಗಿ ಎದ್ದು ಕೂರುತ್ತದೆ. ಅನೇಕ ಮನೆ ರೂಟರುಗಳಲ್ಲಿ ಯಾರಿಗೆ ಯಾವ ನಂಬರು ಕೊಟ್ಟೆ ಎಂಬ ಪಟ್ಟಿ ಕರೆಂಟಿನ ಜೊತೆಗೇ ಅಳಿಸಿಹೋಗುತ್ತದೆ. ಫೋನುಗಳಿಗೆ ಬ್ಯಾಟರಿ ಇದೆ, ವೈಫೈ ಬಂದ ಕ್ಷಣದಲ್ಲೇ ಅವು ನುಗ್ಗುತ್ತವೆ. ಪ್ರಿಂಟರ್ ಗುರ್ ಎಂದು ಬಿಸಿಯಾಗಿ ಸಿದ್ಧವಾಗುವುದರೊಳಗೆ, ಮೇಲಿನ ಟ್ಯೂಷನ್ನಿಗೆ ಬಂದ ಯಾವನೋ ಹುಡುಗನ ಫೋನು 7ರಲ್ಲಿ ಬಿಡಾರ ಹೂಡಿರುತ್ತದೆ. ಪ್ರಿಂಟರಿಗೆ 11 ಸಿಗುತ್ತದೆ. ಕಂಪ್ಯೂಟರ್ ಪಾಪ, ಆ ಹುಡುಗನ ಫೋನಿಗೆ ಪಹಣಿ ಪ್ರಿಂಟ್ ಮಾಡು ಎಂದು ಹೇಳುತ್ತಾ ಕೂರುತ್ತದೆ.

ಹೀಗೆ ನಂಬರು ಹಂಚುವ ವ್ಯವಸ್ಥೆಯ ಹೆಸರು ಡಿಎಚ್‌ಸಿಪಿ. ಪೂರ್ತಿ ಹೇಳಿದರೆ ಡೈನಾಮಿಕ್ ಹೋಸ್ಟ್ ಕಾನ್ಫಿಗರೇಶನ್ ಪ್ರೋಟೋಕಾಲ್. ಇಂಟರ್ನೆಟ್ ಹಾಕಿಸಿಕೊಂಡ ದಿನದಿಂದಲೂ ಅದು ನಿಮ್ಮ ಮನೆಯಲ್ಲಿ ಕೆಲಸ ಮಾಡುತ್ತಿದೆ. ಫೈಬರ್ ಎಳೆಯಲು ಬಂದ ಹುಡುಗ ಗೋಡೆಗೆ ಬಿಳಿ ಡಬ್ಬಿ ಮೊಳೆ ಹೊಡೆದು, ಪಾಸ್‌ವರ್ಡ್ ಹೇಳಿ ಹೋಗುತ್ತಾನಲ್ಲ, ಅದರೊಳಗೇ ಇದೆ. ಮನೆಯಲ್ಲಿ ನಾಲ್ಕು ಫೋನು, ಒಂದು ಟಿವಿ ಇದ್ದರೆ ಅದರ ಗೊಡವೆಗೆ ಹೋಗುವುದೇ ಬೇಡ. ಆದರೆ ನಮ್ಮ ಕಡೆಯ ಮೂವತ್ತು ನಲವತ್ತರ ಸೈಟುಗಳಲ್ಲಿ ಈಗ ಮನೆ ಬರೀ ಮನೆಯಾಗಿ ಉಳಿದಿಲ್ಲ. ಕೆಳಗೆ ಅಂಗಡಿ, ಹಿಂದೆ ಓನರ್, ಮಧ್ಯದಲ್ಲಿ ಬಾಡಿಗೆಯವರು, ಮೇಲೆ ಟ್ಯೂಷನ್ನೋ ಪೀಜಿಯೋ. ಗೇಟಿಗೊಂದು ಕ್ಯಾಮೆರಾ. ಹಲವು ಕಡೆ ಇಷ್ಟಕ್ಕೂ ಒಂದೇ ಕನೆಕ್ಷನ್. ಅಲ್ಲಿ ಅರ್ಧ ಗಂಟೆ ಕೂತು ಈ ಹಂಚಿಕೆಯನ್ನು ನಾವೇ ಹೊಂದಿಸಿದರೆ ಮುಂದೆ ಎಷ್ಟೋ ಸಲ ಮೆಟ್ಟಿಲು ಇಳಿಯುವುದು ತಪ್ಪುತ್ತದೆ.

ಹಿಂದೆ ಇದನ್ನೆಲ್ಲ ಕೈಯಿಂದಲೇ ಮಾಡುತ್ತಿದ್ದರು. 1996ರ ಜುಲೈ 11ರಂದು ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದಾಗ ಅದು ಕಾಫಿಯ ಜೊತೆ ಇಂಟರ್ನೆಟ್ ಮಾರುವ ಸೈಬರ್ ಕೆಫೆ. ಆಮೇಲೆ ಬಡಾವಣೆ ಬಡಾವಣೆಗೂ ಸೈಬರ್ ಸೆಂಟರುಗಳು ಬಂದವು. ಹತ್ತು ಕಂಪ್ಯೂಟರಿನ ಸೆಂಟರಿನಲ್ಲಿ ಪ್ರತಿ ಯಂತ್ರದ ಮುಂದೆ ಕೂತು 1, 2, 3 ಎಂದು ವಿಳಾಸ ಟೈಪ್ ಮಾಡಿ, ಮಾನಿಟರಿನ ನೆತ್ತಿಗೆ ಸ್ಕೆಚ್ ಪೆನ್ನಿನಲ್ಲಿ ಅದೇ ನಂಬರು ಬರೆದಿಡುವುದನ್ನು ನಾನೇ ನೋಡಿದ್ದೇನೆ. ಎರಡು ಯಂತ್ರಕ್ಕೆ ಒಂದೇ ನಂಬರು ಬಿದ್ದರೆ ಎರಡೂ ಒದ್ದಾಡುತ್ತಿದ್ದವು. ಹಂಚುವ ಕೆಲಸವನ್ನು ಯಂತ್ರಕ್ಕೇ ಬಿಡುವ ಪ್ರಯತ್ನ 1985ರಲ್ಲೇ ಬೂಟ್‌ಪಿ ಎಂಬ ಹೆಸರಿನಲ್ಲಿ ಶುರುವಾಗಿತ್ತು. ಆದರೆ ಅಲ್ಲಿ ಯಾವ ಯಂತ್ರಕ್ಕೆ ಯಾವ ವಿಳಾಸ ಎಂಬ ಪಟ್ಟಿಯನ್ನು ಮೊದಲೇ ಮನುಷ್ಯನೇ ಬರೆದಿಡಬೇಕಿತ್ತು, ಕೊಟ್ಟ ವಿಳಾಸ ವಾಪಸು ಬರುತ್ತಿರಲಿಲ್ಲ. 1993ರ ಅಕ್ಟೋಬರಿನಲ್ಲಿ ಅಮೆರಿಕದ ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರಾಮ್ಸ್ ಡಿಎಚ್‌ಸಿಪಿಯ ಮೊದಲ ಆವೃತ್ತಿಯನ್ನು ಪ್ರಕಟಿಸಿದರು. 1997ರ ಮಾರ್ಚಿನಲ್ಲಿ ತಿದ್ದಿ ಹೊರತಂದ ರೂಪವೇ ಇವತ್ತಿಗೂ ನಿಮ್ಮ ಬಿಳಿ ಡಬ್ಬಿಯಲ್ಲಿ ಓಡುತ್ತಿರುವುದು. ಅವರು ತಂದ ದೊಡ್ಡ ಬದಲಾವಣೆ ಒಂದೇ: ವಿಳಾಸವನ್ನು ದಾನ ಮಾಡಬೇಡಿ, ಅವಧಿ ಹಾಕಿ ಕೊಡಿ.

ಇಂಗ್ಲಿಷಿನಲ್ಲಿ ಇದಕ್ಕೆ ಲೀಸ್ ಎಂದೇ ಹೆಸರು. ಬೆಂಗಳೂರಿನವರಿಗೆ ಈ ಪದ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಲೀಸ್ ಎಂದರೆ ಭೋಗ್ಯ, ಲಕ್ಷಗಟ್ಟಲೆ ಎಣಿಸಿ ಮೂರು ವರ್ಷ ನಿಶ್ಚಿಂತೆ. ರೂಟರಿನ ಲೀಸ್ ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಥರದ್ದು. ಮುಗಿಯುವುದಕ್ಕೆ ಮೊದಲೇ ನವೀಕರಿಸಿಕೊಳ್ಳಬೇಕು, ಇಲ್ಲದಿದ್ದರೆ ಮನೆ ಬೇರೆಯವರಿಗೆ.

ಮಾತುಕತೆ ನಾಲ್ಕೇ ಹಂತದ್ದು. ಹೊಸ ಫೋನು ವೈಫೈಗೆ ಸೇರಿದಾಗ ಅದಕ್ಕೆ ವಿಳಾಸವೂ ಇಲ್ಲ, ಯಾರನ್ನು ಕೇಳಬೇಕೆಂದೂ ಗೊತ್ತಿಲ್ಲ. ಆದ್ದರಿಂದ 0.0.0.0 ಎಂಬ ಅನಾಮಧೇಯನಾಗಿ 255.255.255.255ಕ್ಕೆ, ಅಂದರೆ ಬೀದಿಗೆಲ್ಲ ಕೇಳುವಂತೆ, 'ವಿಳಾಸ ಕೊಡುವವರು ಯಾರಾದರೂ ಇದ್ದೀರಾ' ಎಂದು ಕೂಗುತ್ತದೆ. ರೂಟರ್ 'ನನ್ನ ಹತ್ತಿರ 57 ಖಾಲಿ ಇದೆ' ಅನ್ನುತ್ತದೆ. ಫೋನು 'ಹಾಗಾದರೆ 57 ನನಗಿರಲಿ' ಎಂದು ಮತ್ತೆ ಎಲ್ಲರಿಗೂ ಕೇಳುವಂತೆಯೇ ಹೇಳುತ್ತದೆ. ಬೇರೆ ಯಾರಾದರೂ ಮನೆ ತೋರಿಸಿದ್ದರೆ ಅವರು ಬಾಗಿಲು ಹಾಕಿಕೊಳ್ಳಲಿ ಎಂದು. ಕೊನೆಗೆ ರೂಟರ್ 'ಆಯಿತು, 24 ಗಂಟೆ ನಿನ್ನದು' ಎಂದು ಮುದ್ರೆ ಒತ್ತುತ್ತದೆ. ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ನಾಲೆಜ್‌ಮೆಂಟ್ ಎಂದು ಈ ನಾಲ್ಕಕ್ಕೆ ಹೆಸರು. ವಿಳಾಸದ ಜೊತೆಗೇ ಹೊರಗೆ ಹೋಗುವ ಬಾಗಿಲು ಯಾವುದು, ಅಂದರೆ ಗೇಟ್‌ವೇ, ಹೆಸರು ಕೊಟ್ಟರೆ ನಂಬರು ಹುಡುಕಿಕೊಡುವ ಡಿಎನ್‌ಎಸ್ ಯಾವುದು, ನಮ್ಮ ಬೀದಿಯ ಎಲ್ಲೆ ಎಲ್ಲಿಯವರೆಗೆ, ಅಂದರೆ ಸಬ್‌ನೆಟ್ ಮಾಸ್ಕ್, ಇವೂ ಒಂದೇ ಪೊಟ್ಟಣದಲ್ಲಿ ಬರುತ್ತವೆ. 24 ಗಂಟೆಯ ಲೀಸಾದರೆ ಫೋನು 12ನೇ ಗಂಟೆಗೇ ನವೀಕರಿಸಲು ಕೇಳುತ್ತದೆ. ಉತ್ತರ ಬರದಿದ್ದರೆ 21ನೇ ಗಂಟೆಯ ಹೊತ್ತಿಗೆ ಕೊಟ್ಟವನನ್ನು ಬಿಟ್ಟು ಬೀದಿಯಲ್ಲಿ ಮತ್ತೆ ಕೂಗುತ್ತದೆ. ಆಗಲೂ ಯಾರೂ ಓಗೊಡದೆ ಅವಧಿ ಮುಗಿದರೆ ವಿಳಾಸ ಬಿಟ್ಟುಕೊಡಬೇಕು.

ಈಗ ಕೆಲಸಕ್ಕೆ ಇಳಿಯೋಣ. ರೂಟರನ್ನು ತಿರುಗಿಸಿ ಹಿಂದಿನ ಸ್ಟಿಕರಿನ ಫೋಟೋ ತೆಗೆದಿಟ್ಟುಕೊಳ್ಳಿ. ಅದರಲ್ಲಿ ರೂಟರಿನ ವಿಳಾಸ, ಹೆಚ್ಚಾಗಿ 192.168.1.1 ಅಥವಾ 192.168.0.1, ಮತ್ತು ಒಳಗೆ ಹೋಗುವ ಯೂಸರ್ ನೇಮ್, ಪಾಸ್‌ವರ್ಡ್ ಇರುತ್ತವೆ. ಲ್ಯಾಪ್‌ಟಾಪನ್ನು ಸಾಧ್ಯವಾದರೆ ಕೇಬಲ್ಲಿನಿಂದ ಜೋಡಿಸಿ. ವೈಫೈ ಮೇಲೆ ಕೂತು ವೈಫೈಯನ್ನೇ ತಿದ್ದುವುದು ಕೂತ ಕೊಂಬೆ ಕಡಿದ ಹಾಗೆ. ಬ್ರೌಸರಿನಲ್ಲಿ ಆ ನಂಬರು ಹೊಡೆದರೆ ರೂಟರಿನ ಪುಟ ತೆರೆಯುತ್ತದೆ. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಟ್ಯೂಷನ್ ಹುಡುಗರು ನಮಗಿಂತ ಚುರುಕಾಗಿರುತ್ತಾರೆ. ಆಮೇಲೆ ಲ್ಯಾನ್ ಅಥವಾ ಲೋಕಲ್ ನೆಟ್‌ವರ್ಕ್ ಎಂಬ ವಿಭಾಗದಲ್ಲಿ ಡಿಎಚ್‌ಸಿಪಿ ಸರ್ವರ್ ಎಂಬುದನ್ನು ಹುಡುಕಿ. ಕಂಪನಿಗೊಂದು ಪುಟ, ಒಂದೊಂದರಲ್ಲಿ ಒಂದೊಂದು ಮೂಲೆ. ಆದರೆ ಮುಖ್ಯವಾದ ಮನೆಗಳು ಎಲ್ಲ ಕಡೆಯೂ ಮೂರೇ: ಎಲ್ಲಿಂದ, ಎಲ್ಲಿಯವರೆಗೆ, ಎಷ್ಟು ಹೊತ್ತು.

'ಎಲ್ಲಿಂದ, ಎಲ್ಲಿಯವರೆಗೆ' ಎಂಬುದೇ ಪೂಲ್. ಸಬ್‌ನೆಟ್ ಮಾಸ್ಕ್ 255.255.255.0 ಇದ್ದರೆ 1ರಿಂದ 254ರವರೆಗೆ 254 ವಿಳಾಸ ನಿಮ್ಮ ಕೈಯಲ್ಲಿವೆ. ಅಷ್ಟನ್ನೂ ಹಂಚಲು ಬಿಡಬೇಡಿ. ನಾನು ಮಾಡುವ ಪಾಲು ಹೀಗೆ: 1 ರೂಟರಿಗೆ. 2ರಿಂದ 49ರವರೆಗೆ ಕಾಯಂ ನಿವಾಸಿಗಳಿಗೆ, ಅಂದರೆ ಪ್ರಿಂಟರ್, ಕ್ಯಾಮೆರಾ ಡಬ್ಬಿ, ಎರಡನೇ ರೂಟರ್ ಇಂಥವಕ್ಕೆ. 50ರಿಂದ 199ರವರೆಗೆ ಬಂದು ಹೋಗುವವರಿಗೆ. ಮಿಕ್ಕದ್ದು ಖಾಲಿ ಬಿದ್ದಿರಲಿ, ಬಾಡಿಗೆಯೇನೂ ಕಟ್ಟಬೇಕಿಲ್ಲ. 192.168ರಿಂದ ಶುರುವಾಗುವ ವಿಳಾಸಗಳೆಲ್ಲ ಮನೆಯೊಳಗಿನ ಬಳಕೆಗೆಂದು 1994ರಲ್ಲೇ ಮೀಸಲಿಟ್ಟವು. ಪಕ್ಕದ ಮನೆಯಲ್ಲೂ ಅದೇ 192.168.1.7 ಇರಬಹುದು, ಜಗಳವಿಲ್ಲ.

'ಎಷ್ಟು ಹೊತ್ತು' ಎಂಬಲ್ಲಿ ಸ್ವಲ್ಪ ಲೆಕ್ಕ ಬೇಕು. ಸಂಸಾರದ ಮನೆಗೆ 24 ಗಂಟೆ ಸರಿ. ನಮ್ಮ ಕಟ್ಟಡದಲ್ಲಿ ಎಡವಟ್ಟಾದದ್ದು ಟ್ಯೂಷನ್ನಿನಲ್ಲಿ. ರೂಟರ್ ಬಂದಾಗ ಪೂಲಿನಲ್ಲಿ ನೂರು ವಿಳಾಸ, ಲೀಸ್ 24 ಗಂಟೆ. ಎಲ್ಲ ಮಹಡಿಗಳ ಫೋನು, ಟಿವಿ, ಲ್ಯಾಪ್‌ಟಾಪ್ ಸೇರಿ 23. ನಾಲ್ಕು ಗಂಟೆಯ ಬ್ಯಾಚಿನಲ್ಲಿ ನಲವತ್ತು ಹುಡುಗರು ಬಂದು ನಲವತ್ತು ವಿಳಾಸ ಹಿಡಿದರು. ಐದೂವರೆಗೆ ಅವರು ಮನೆಗೆ ಹೋದರೂ ಅವರ ಹೆಸರಿನ ಲೀಸ್ ಮರುದಿನದವರೆಗೆ ಇಲ್ಲೇ ಇರುತ್ತದೆ, ಸೀಟಿನ ಮೇಲೆ ಕರ್ಚೀಫು ಹಾಕಿ ಇಳಿದುಹೋದ ಹಾಗೆ. ಉಳಿದದ್ದು 37. ಐದೂವರೆ ಬ್ಯಾಚಿನ ನಲವತ್ತರಲ್ಲಿ ಕೊನೆಗೆ ಬಂದ ಮೂವರಿಗೆ ವೈಫೈ ಸಿಗುತ್ತದೆ, ವಿಳಾಸ ಸಿಗುವುದಿಲ್ಲ. ಏಳು ಗಂಟೆಯ ಬ್ಯಾಚಿನಲ್ಲಿ ಯಾರಿಗೂ ಇಲ್ಲ. ತಡವಾಗಿ ಬರುವವರ ಫೋನೇ ಸರಿಯಿಲ್ಲ ಎಂದು ಮೇಷ್ಟ್ರು ತಿಂಗಳುಗಟ್ಟಲೆ ನಂಬಿದ್ದರು. ಪೂಲನ್ನು 150ಕ್ಕೆ ಏರಿಸಿ, ಲೀಸನ್ನು ಎರಡು ಗಂಟೆಗೆ ಇಳಿಸಿದೆವು. ಮೊದಲ ಬ್ಯಾಚಿನ ಕೊನೆಯ ಕರ್ಚೀಫೂ ಏಳೂವರೆಯೊಳಗೆ ಎದ್ದುಹೋಗುತ್ತದೆ. ಮೂರೂ ಬ್ಯಾಚು ಒಟ್ಟಿಗೇ ಕೂತರೂ 143, ಇನ್ನೂ ಜಾಗವಿದೆ. ನಲವತ್ತು ಫೋನನ್ನು ಆ ರೂಟರಿನ ವೈಫೈ ತಡೆದುಕೊಳ್ಳುತ್ತದೆಯೇ ಎಂಬುದು ಬೇರೆಯದೇ ಕಥೆ.

ಅವಧಿ ಬರೆಯುವಾಗ ಒಂದು ಹಳ್ಳವಿದೆ, ನೋಡಿ ಕಾಲಿಡಿ. ಕೆಲವು ರೂಟರುಗಳು ನಿಮಿಷದಲ್ಲಿ ಕೇಳುತ್ತವೆ, ಕೆಲವು ಸೆಕೆಂಡಿನಲ್ಲಿ. ಎರಡು ಗಂಟೆ ಎಂದರೆ ಒಂದರಲ್ಲಿ 120, ಇನ್ನೊಂದರಲ್ಲಿ 7200. ಸೆಕೆಂಡಿನ ಮನೆಯಲ್ಲಿ 120 ತುಂಬಿದರೆ ಎರಡು ನಿಮಿಷದ ಲೀಸಾಗಿ, ಪ್ರತಿ ಯಂತ್ರವೂ ನಿಮಿಷಕ್ಕೊಮ್ಮೆ ಬಾಗಿಲು ತಟ್ಟುತ್ತಿರುತ್ತದೆ.

ಪ್ರಿಂಟರಿನ ಕಾಯಿಲೆಗೆ ಮದ್ದು ಅದೇ ಪುಟದ ಆಸುಪಾಸಿನಲ್ಲಿದೆ. ಅಡ್ರೆಸ್ ರಿಸರ್ವೇಶನ್ ಎಂದೋ ಸ್ಟ್ಯಾಟಿಕ್ ಡಿಎಚ್‌ಸಿಪಿ ಎಂದೋ ಹೆಸರಿರುತ್ತದೆ. ಪ್ರತಿ ಯಂತ್ರದ ನೆಟ್‌ವರ್ಕ್ ಚಿಪ್ಪಿಗೂ ಕಾರ್ಖಾನೆಯಲ್ಲೇ ಕೊಟ್ಟ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಇರುತ್ತದೆ, ಅದು ಮ್ಯಾಕ್ ಅಡ್ರೆಸ್. ವಾಹನದ ಚಾಸಿಸ್ ನಂಬರಿದ್ದಂತೆ. 'ಈ ಮ್ಯಾಕ್ ಬಂದರೆ 20 ಕೊಡು, ಬೇರೆ ಯಾರಿಗೂ 20 ಕೊಡಬೇಡ' ಎಂದು ಬರೆದಿಟ್ಟರೆ ಮುಗಿಯಿತು. ಪ್ರಿಂಟರಿನ ಮ್ಯಾಕ್ ಹುಡುಕಲು ಅದರ ಮೆನುವಿನಿಂದ ನೆಟ್‌ವರ್ಕ್ ಕಾನ್ಫಿಗರೇಶನ್ ಪುಟ ಪ್ರಿಂಟ್ ತೆಗೆಯಿರಿ. ಅಷ್ಟೂ ಬೇಡವೆಂದರೆ ರೂಟರಿನಲ್ಲೇ ಕ್ಲೈಂಟ್ ಲಿಸ್ಟ್ ಇರುತ್ತದೆ, ಅದರಲ್ಲಿ ಹೆಸರು ನೋಡಿ ಆರಿಸಿದರೂ ಆಯಿತು. ಕೆಲವು ರೂಟರುಗಳು ಪೂಲಿನ ಒಳಗಿನ ನಂಬರನ್ನೇ ಕೊಡಿ ಎಂದು ಹಟ ಮಾಡುತ್ತವೆ. ಅಂಥಲ್ಲಿ ಹಟ ಬೇಡ, ಒಳಗಿನದನ್ನೇ ಕೊಡಿ. ಆಮೇಲೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ಕಂಪ್ಯೂಟರಿನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು, ಪೋರ್ಟ್ಸ್ ಎಂಬಲ್ಲಿ ಹಳೆಯ ವಿಳಾಸ ತೆಗೆದು ಹೊಸದನ್ನು ಹಾಕಲು ಮರೆಯಬೇಡಿ. ನಾನು ಮರೆತೆ. ಮರುದಿನ ಮತ್ತೆ ಕೂಗು ಬಂತು.

ಇದನ್ನೇ ಪ್ರಿಂಟರಿನೊಳಗೆ ಹೋಗಿ ಕೈಯಿಂದ ವಿಳಾಸ ಟೈಪ್ ಮಾಡಿಯೂ ಸಾಧಿಸಬಹುದು. ಕ್ಯಾಮೆರಾ ಹಾಕುವವರು ಸಾಮಾನ್ಯವಾಗಿ ಹಾಗೇ ಮಾಡಿ ಹೋಗಿರುತ್ತಾರೆ. ನನಗೆ ಅದು ಇಷ್ಟವಿಲ್ಲ. ಹಾಗೆ ಕೂತ ನಂಬರು ರೂಟರಿನ ಪಟ್ಟಿಯಲ್ಲಿ ಇರುವುದಿಲ್ಲ. ಅದು ಪೂಲಿನ ಒಳಗಿದ್ದರೆ ಒಂದಲ್ಲ ಒಂದು ದಿನ ಬೇರೆಯವರಿಗೂ ಹೋಗಿ, ಹಳೆಯ ಸೈಬರ್ ಸೆಂಟರಿನ ಒದ್ದಾಟ ವಾಪಸು ಬರುತ್ತದೆ. ನಾಳೆ ರೂಟರ್ ಬದಲಾಗಿ ಬೀದಿಯ ಹೆಸರೇ 192.168.0 ಆದರೆ, ಕೈಯಿಂದ ವಿಳಾಸ ಹಾಕಿದ ಯಂತ್ರ ಹಳೆಯ ಬೀದಿಯಲ್ಲೇ ನಿಂತಿರುತ್ತದೆ. ಪಟ್ಟಿ ಒಂದೇ ಕಡೆ ಇರಲಿ, ರೂಟರಿನಲ್ಲಿ. ಫೋನುಗಳ ವಿಷಯದಲ್ಲಿ ಮಾತ್ರ ಈ ಕಾಯ್ದಿರಿಸುವಿಕೆ ಕೈಕೊಡಬಹುದು. 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14ರಿಂದ ಈಚೆಗೆ ಫೋನುಗಳು ಪ್ರತಿ ವೈಫೈಗೂ ಒಂದೊಂದು ಸುಳ್ಳು ಮ್ಯಾಕ್ ತೋರಿಸುತ್ತವೆ. ಯಾರೂ ಹಿಂಬಾಲಿಸದಿರಲಿ ಎಂಬ ಒಳ್ಳೆಯ ಉದ್ದೇಶಕ್ಕೇ. ಮಗನ ಫೋನಿಗೆ ರಾತ್ರಿ ಹತ್ತಕ್ಕೆ ಇಂಟರ್ನೆಟ್ ನಿಲ್ಲಿಸಬೇಕೆಂದು ಮ್ಯಾಕ್ ಬರೆದಿಟ್ಟವರು, ಆ ಫೋನಿನಲ್ಲಿ ನಿಮ್ಮ ಮನೆಯ ವೈಫೈಗೆ ಮಾತ್ರ ಪ್ರೈವೇಟ್ ಅಡ್ರೆಸ್ ಆಫ್ ಮಾಡಿಸಬೇಕು. ಮಗ ಅದನ್ನು ಮತ್ತೆ ಆನ್ ಮಾಡಿಕೊಳ್ಳುವುದನ್ನು ತಡೆಯುವ ಪ್ರೋಟೋಕಾಲ್ ಇನ್ನೂ ಬಂದಿಲ್ಲ.

ಇನ್ನು ಎರಡನೇ ರೂಟರು. ನನ್ನ ಮಟ್ಟಿಗೆ ನಮ್ಮ ಬಡಾವಣೆಗಳ ಅರ್ಧ ನೆಟ್‌ವರ್ಕ್ ಗೋಳಿನ ಬೇರು ಇಲ್ಲಿದೆ. ಮೇಲಿನ ಮಹಡಿಯ ಹಿಂದಿನ ರೂಮಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ನನ್ನ ಅಟ್ಟದ ಮೇಲೆ ಒಂದು ಹಳೆಯ ರೂಟರ್ ಇತ್ತು. ಕೇಬಲ್ ಎಳೆದು, ಅದರ ನಾಲ್ಕು ಹಳದಿ ತೂತುಗಳಲ್ಲಿ ಒಂದಕ್ಕೆ ಸಿಕ್ಕಿಸಿ, ಸಿಗ್ನಲ್ ಬಂತು ಎಂದು ಕೈ ಒರೆಸಿಕೊಂಡು ಕೆಳಗಿಳಿದೆ. ಎಂಟು ಗಂಟೆಗೆ ಓನರ್ ತಾತನ ಟಿವಿಯಲ್ಲಿ ಧಾರಾವಾಹಿ ನಿಂತಿತು. ಅಂಗಡಿಯ ಕಂಪ್ಯೂಟರ್ ಸರಿಯಿದೆ, ನನ್ನ ಲ್ಯಾಪ್‌ಟಾಪ್ ಸರಿಯಿದೆ, ನನ್ನ ಹೆಂಡತಿಯ ಫೋನು ಸತ್ತಿದೆ. ತಾತ ಬಾಗಿಲಿಗೆ ಬಂದು, "ಕಂಪನಿಯವರಿಗೆ ಒಂದು ಕಂಪ್ಲೇಂಟ್ ಕೊಟ್ಟುಬಿಡಪ್ಪಾ, ದುಡ್ಡು ಮಾತ್ರ ಸರಿಯಾಗಿ ಇಸ್ಕೊಳ್ತಾರೆ" ಅಂದರು. ನಾನು ಹೂಂ ಅಂದೆ. ತಪ್ಪು ಯಾರದ್ದೆಂದು ನನಗೆ ಆಗಲೇ ಅನುಮಾನ ಬಂದಿತ್ತು.

ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್ /ಆಲ್' ಎಂದು ಇಂಗ್ಲಿಷಿನಲ್ಲಿ ಹೊಡೆದರೆ ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ 'ಡಿಎಚ್‌ಸಿಪಿ ಸರ್ವರ್' ಎಂಬ ಸಾಲಿಗೆ ಕಣ್ಣು ಹಾಕಿ. ನನ್ನದರಲ್ಲಿ 192.168.1.1 ಎಂದಿತ್ತು. ಕೆಟ್ಟಿದ್ದ ಫೋನಿನ ವೈಫೈ ವಿವರ ತೆಗೆದರೆ ಗೇಟ್‌ವೇ 192.168.0.1. ಅದು ನನ್ನ ಅಟ್ಟದ ರೂಟರ್! ಒಂದೇ ಬೀದಿಯಲ್ಲಿ ಇಬ್ಬರು ಓನರುಗಳು ಬೋರ್ಡ್ ಹಾಕಿಕೊಂಡು ಕೂತಿದ್ದರು. ಯಾರ ಉತ್ತರ ಮೊದಲು ಬಂತೋ ಅವರ ಮನೆಗೆ ಜನ ಹೋಗುತ್ತಿದ್ದರು. ಹೊಸ ಓನರ್ ವಿಳಾಸ ಕೊಡುತ್ತಾನೆ, ಹೊರಗೆ ಹೋಗುವ ಬಾಗಿಲು ನಾನೇ ಅನ್ನುತ್ತಾನೆ, ಆದರೆ ಅವನ ಮನೆಗೆ ಹಿಂಬಾಗಿಲೇ ಇಲ್ಲ. ಇಂಟರ್ನೆಟ್ ಬರುವ ವ್ಯಾನ್ ತೂತು ಖಾಲಿ. ಕೇಬಲ್ ಕಿತ್ತೆ, ವೈಫೈ ಆಫ್ ಆನ್ ಮಾಡಿಸಿದೆ, ಧಾರಾವಾಹಿ ಓಡಿತು. ತಾತನಿಗೆ ಮಾತ್ರ ಕಂಪನಿಯವರೇ ಸರಿಮಾಡಿದರು ಎಂದು ಇವತ್ತಿಗೂ ಸಮಾಧಾನ.

ಸರಿಯಾದ ಕ್ರಮ ಇದು, ಕ್ರಮ ತಪ್ಪಿದರೆ ಒಳಗೆ ಹೋಗುವ ದಾರಿ ಮುಚ್ಚುತ್ತದೆ. ಎರಡನೇ ರೂಟರನ್ನು ಇನ್ನೂ ಯಾವುದಕ್ಕೂ ಜೋಡಿಸದೆ ಲ್ಯಾಪ್‌ಟಾಪಿಗೊಂದಕ್ಕೇ ಕೇಬಲ್ ಹಾಕಿ. ಮೊದಲು ಅದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ. ಅದು ರೀಸ್ಟಾರ್ಟ್ ಆದ ಮೇಲೆ ಹೊಸ ವಿಳಾಸದಲ್ಲಿ ಒಳಗೆ ಹೋಗಿ ಡಿಎಚ್‌ಸಿಪಿ ಸರ್ವರನ್ನು ಡಿಸೇಬಲ್ ಮಾಡಿ. ಆಮೇಲೆ ಮುಖ್ಯ ರೂಟರಿನ ಲ್ಯಾನ್ ತೂತಿನಿಂದ ಇದರ ಲ್ಯಾನ್ ತೂತಿಗೆ ಕೇಬಲ್ ಹಾಕಿ. ವ್ಯಾನ್ ತೂತು ಖಾಲಿಯಾಗಿಯೇ ಇರಲಿ. ಹೊಸ ರೂಟರುಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಒಂದೇ ಗುಂಡಿ ಇದನ್ನೆಲ್ಲ ಮಾಡುತ್ತದೆ. ಇದ್ದರೆ ಅದನ್ನೇ ಒತ್ತಿ, ಯಾವ ತೂತಿಗೆ ಕೇಬಲ್ ಎಂದು ಅದೇ ಹೇಳುತ್ತದೆ. ಡಿಎಚ್‌ಸಿಪಿ ನಿಲ್ಲಿಸಿದ ಮೇಲೆ ಆ ರೂಟರಿನೊಳಗೆ ಮತ್ತೆ ಹೋಗಬೇಕಾದರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರು ಅಲ್ಲಿ ಇರುವುದಿಲ್ಲ. ಆಗ ಮಾತ್ರ ಲ್ಯಾಪ್‌ಟಾಪಿನಲ್ಲಿ ಕೈಯಿಂದ 192.168.1.10 ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ 'ಆಟೊಮ್ಯಾಟಿಕ್' ಎಂಬುದಕ್ಕೆ ವಾಪಸು ತನ್ನಿ. ಏನೂ ದಿಕ್ಕು ತೋಚದಿದ್ದರೆ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ಹತ್ತು ಸೆಕೆಂಡು ಹಿಡಿದರೆ ಹಳೇ ರೂಟರ್ ಹುಟ್ಟಿದ ಹಾಗೆ ಆಗುತ್ತದೆ. ಮುಖ್ಯ ರೂಟರಿಗೆ ಮಾತ್ರ ಆ ಪಿನ್ ಬೇಡ, ಇಂಟರ್ನೆಟ್ ಕಂಪನಿಯ ಸೆಟ್ಟಿಂಗೂ ಅಳಿಸಿಹೋಗಿ ಫೈಬರ್ ಹುಡುಗನಿಗೆ ಕಾಯಬೇಕಾದೀತು.

ಬಾಡಿಗೆಯವರಿಗೆ ಬೇರೆಯದೇ ನೆಟ್‌ವರ್ಕ್ ಕೊಡಬೇಕೆಂದಿದ್ದರೆ ವಿಷಯ ತಿರುವುಮುರುವು. ಆಗ ಕೇಬಲ್ ಅವರ ರೂಟರಿನ ವ್ಯಾನ್ ತೂತಿಗೇ ಹೋಗಲಿ, ಅದರ ಡಿಎಚ್‌ಸಿಪಿ ಓಡುತ್ತಲೇ ಇರಲಿ, ಅದರ ಬೀದಿಯನ್ನು 192.168.2 ಮಾಡಿ. ಅವರ ಫೋನುಗಳು ಕೆಳಗಿನ ರೂಟರಿನ ಪಟ್ಟಿಯಲ್ಲಿ ಕಾಣುವುದಿಲ್ಲ, ನಿಮ್ಮ ಯಂತ್ರಗಳು ಅವರ ಮನೆಯೊಳಗೆ ಇಣುಕುವಂತಿಲ್ಲ. ಅವರ ಕಡೆಯಿಂದ ನಿಮ್ಮ ಪ್ರಿಂಟರಿಗೆ ದಾರಿ ಇರುತ್ತದೆ ಎಂಬುದು ನೆನಪಿರಲಿ. ಆನ್‌ಲೈನ್ ಆಟ ಆಡುವ ಹುಡುಗರು 'ಡಬಲ್ ನ್ಯಾಟ್' ಎಂದು, ಅಂದರೆ ದಾರಿಯಲ್ಲಿ ಎರಡೆರಡು ರೂಟರ್ ದಾಟಬೇಕು ಎಂದು, ಗೊಣಗಿಯಾರು. ಗೊಣಗಲಿ.

ಕಾಲೇಜು ಹಾಸ್ಟೆಲುಗಳಲ್ಲಿ ಈ ಇಬ್ಬರು ಓನರ್ ಸಮಸ್ಯೆ ಎಷ್ಟು ಸಾಮಾನ್ಯವೆಂದರೆ ಅದನ್ನು ತಡೆಯಲೆಂದೇ ದುಬಾರಿ ಸ್ವಿಚ್ಚುಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಕಾವಲು ಇರುತ್ತದೆ. ಯಾವ ತೂತಿನಿಂದ ವಿಳಾಸ ಹಂಚಬಹುದು ಎಂದು ಮೊದಲೇ ಬರೆದಿಟ್ಟರೆ, ಬೇರೆ ಕಡೆಯಿಂದ ಬರುವ ಆಫರನ್ನು ಸ್ವಿಚ್ಚೇ ನುಂಗಿಹಾಕುತ್ತದೆ. ಹತ್ತಿಪ್ಪತ್ತು ಜನರ ಆಫೀಸು ನಡೆಸುವವರು ಒಂದು ಹಳೆಯ ಲಿನಕ್ಸ್ ಡಬ್ಬಿಯಲ್ಲಿ ಡಿಎನ್‌ಎಸ್‌ಮಾಸ್ಕ್ ಹಾಕಿಕೊಂಡರೂ ಸಾಕು. ಶುರು, ಕೊನೆ, ಅವಧಿ ಮೂರನ್ನೂ ಒಂದೇ ಸಾಲಿನಲ್ಲಿ ಬರೆದರೆ ಹಂಚಿಕೆ ಓಡುತ್ತದೆ, ಕಾಯ್ದಿರಿಸಿದ ಪ್ರತಿ ಯಂತ್ರಕ್ಕೂ ಇನ್ನೊಂದೊಂದು ಸಾಲು. ಆ ಡಬ್ಬಿ ಎದ್ದಾಗ ರೂಟರಿನ ಡಿಎಚ್‌ಸಿಪಿ ನಿಂತಿರಬೇಕು ಎಂಬುದನ್ನು ಮತ್ತೆ ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ. ಹಳೆಯ ಪುಸ್ತಕಗಳು ಹೇಳುವ ಐಎಸ್‌ಸಿ ಡಿಎಚ್‌ಸಿಪಿ ಸರ್ವರನ್ನು ಈಗ ಹೊಸದಾಗಿ ಹಾಕಬೇಡಿ. ಅದರ ನಿರ್ವಹಣೆ 2022ರಲ್ಲೇ ನಿಂತಿದೆ, ಅದೇ ಸಂಸ್ಥೆಯ ಕಿಯಾ ಅದರ ಜಾಗಕ್ಕೆ ಬಂದಿದೆ.

ಯಾವತ್ತಾದರೂ ಕಂಪ್ಯೂಟರಿನಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡರೆ ಅದನ್ನು ಯಾರೂ ಕೊಟ್ಟದ್ದಲ್ಲ. ಕೂಗಿ ಕೂಗಿ ಯಾರೂ ಓಗೊಡದಿದ್ದಾಗ ಯಂತ್ರ ತಾನೇ ಕಟ್ಟಿಕೊಂಡ ಗುಡಿಸಲು. ಅದನ್ನು ಕಂಡ ಕೂಡಲೇ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಬೇಡಿ, ತೊಂದರೆ ನಿಮ್ಮ ಗೋಡೆಯ ಒಳಗೇ ಇದೆ. ಕೇಬಲ್ ಸಡಿಲವಾಗಿದೆಯೇ, ರೂಟರಿನ ಡಿಎಚ್‌ಸಿಪಿ ಯಾರೋ ಆಫ್ ಮಾಡಿದ್ದಾರೆಯೇ, ಪೂಲ್ ತುಂಬಿದೆಯೇ ನೋಡಿ. ಆಮೇಲೆ 'ಐಪಿಕಾನ್ಫಿಗ್ /ರಿಲೀಸ್', ಅದರ ಹಿಂದೆಯೇ 'ಐಪಿಕಾನ್ಫಿಗ್ /ರಿನ್ಯೂ' ಹೊಡೆಯಿರಿ. ಫೋನಾದರೆ ನೆಟ್‌ವರ್ಕನ್ನು ಫರ್ಗೆಟ್ ಮಾಡಿ ಮತ್ತೆ ಸೇರಿಸಿ. ವಿಳಾಸ 192.168ರದ್ದೇ ಇದ್ದು, ಗೇಟ್‌ವೇಯೂ ಸರಿಯಿದ್ದು, ಆದರೂ ಏನೂ ತೆರೆಯದಿದ್ದರೆ ಆಗ ಕಂಪನಿಗೆ ಫೋನ್ ಮಾಡಿ, ಆ ನಂಬರುಗಳನ್ನು ಹೇಳಿ. ರೀಸ್ಟಾರ್ಟ್ ಮಾಡಿದ್ರಾ ಸಾರ್ ಎಂಬ ಪ್ರಶ್ನೆಯಿಂದ ಸಂಭಾಷಣೆ ಬೇಗ ಮುಂದೆ ಹೋಗುತ್ತದೆ.

ಗೇಟಿನ ಕ್ಯಾಮೆರಾವನ್ನು ಊರಿನಿಂದ ನೋಡಬೇಕು ಎನ್ನುವವರಿಗೆ ಒಂದು ಮಾತು. ಮನೆಯೊಳಗಿನ ವಿಳಾಸ ಕಾಯಂ ಮಾಡಿದ ಮಾತ್ರಕ್ಕೆ ಹೊರಗಿನದು ಕಾಯಂ ಆಗುವುದಿಲ್ಲ. ಹೊರಗಿನದನ್ನು ಹಂಚುವುದು ಇಂಟರ್ನೆಟ್ ಕಂಪನಿ, ಅವರ ಬಳಿಯೂ ದಾಸ್ತಾನು ಕಡಿಮೆ. ಹಳೆಯ ಐಪಿವಿ4 ಪದ್ಧತಿಯಲ್ಲಿ ಇಡೀ ಜಗತ್ತಿಗೆ ಇದ್ದದ್ದೇ ಸುಮಾರು 429 ಕೋಟಿ ವಿಳಾಸ. ಕೇಂದ್ರ ಉಗ್ರಾಣದ ಕೊನೆಯ ಮೂಟೆಗಳು 2011ರ ಫೆಬ್ರವರಿ 3ರಂದೇ ಹಂಚಿಹೋದವು. ಹಾಗಾಗಿ ಅನೇಕ ಕಂಪನಿಗಳು ಒಂದೇ ಹೊರ ವಿಳಾಸದ ಹಿಂದೆ ಹಲವು ಮನೆಗಳನ್ನು ಕೂರಿಸುತ್ತವೆ. ರೂಟರಿನ ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವೂ ಆ ಸಾಲಿನಲ್ಲಿದ್ದೀರಿ, ಹೊರಗಿನಿಂದ ನೇರ ಒಳಬರಲು ಆಗುವುದಿಲ್ಲ. ಕ್ಯಾಮೆರಾ ಕಂಪನಿಯ ಆ್ಯಪ್ ಬಳಸಿ, ಇಲ್ಲವೇ ಪ್ರತ್ಯೇಕ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ಕೇಳಿ. ಐಪಿವಿ6ರಲ್ಲಿ ಈ ಬರಗಾಲವಿಲ್ಲ. ಅಲ್ಲಿ ಯಂತ್ರಗಳು ರೂಟರಿನ ಘೋಷಣೆ ಕೇಳಿಸಿಕೊಂಡು ಹೆಚ್ಚಾಗಿ ತಮ್ಮ ವಿಳಾಸವನ್ನು ತಾವೇ ಕಟ್ಟಿಕೊಳ್ಳುತ್ತವೆ, ಮನೆಯಲ್ಲಿ ಅದನ್ನು ಮುಟ್ಟದೆ ಬಿಟ್ಟರೆ ಕ್ಷೇಮ.

ಎಲ್ಲ ಹೊಂದಿಸಿದ ಮೇಲೆ ಅದನ್ನು ಬರೆದಿಡಿ. ರೂಟರಿನಲ್ಲಿ ಬ್ಯಾಕಪ್ ಎಂಬ ಗುಂಡಿ ಇದ್ದರೆ ಫೈಲೂ ತೆಗೆದಿಡಿ. ನಮ್ಮ ಕಟ್ಟಡದ್ದು ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ ಒಂದು ಹಾಳೆ: 1 ರೂಟರ್, 2 ಮೇಲಿನ ರೂಟರ್, 20 ಪ್ರಿಂಟರ್, 30 ಕ್ಯಾಮೆರಾ ಡಬ್ಬಿ, 50ರ ಮೇಲೆ ಎಲ್ಲರೂ. ಅಂಗಡಿಯಲ್ಲೂ ನೆನಪಿರಲೆಂದು ಓನರ್ ಸೊಸೆ ಪ್ರಿಂಟರಿನ ಹಣೆಗೆ ಬಿಳಿ ಸ್ಟಿಕರ್ ಅಂಟಿಸಿ ಮಾರ್ಕರಿನಲ್ಲಿ ದಪ್ಪಗೆ 20 ಎಂದು ಬರೆದರು. ಆಮೇಲೆ ಎಷ್ಟು ಸಲ ಕರೆಂಟ್ ಹೋಗಿ ಬಂದರೂ ನನಗೆ ಕೂಗು ಬಂದಿಲ್ಲ. ಹೋದ ವಾರ ಒಂದು ಆಧಾರ್ ಪ್ರತಿ ತೆಗೆಸಲು ನಾನೇ ಹೋಗಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಆ ಸ್ಟಿಕರನ್ನೇ ದಿಟ್ಟಿಸಿ ನೋಡಿ, "ಏನಮ್ಮಾ, ಒಂದು ಕಾಪಿಗೆ ಇಪ್ಪತ್ತು ರೂಪಾಯಿ ಮಾಡ್ಬಿಟ್ಯಾ?" ಎಂದು ಕೇಳಿದರು.